ಎಷ್ಟು ನೆನಪು ಬೇಕು?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕಾದರೆ ಕಂಪ್ಯೂಟರಿಗೆ ಎಷ್ಟು ಮೆಮೊರಿ ಇರಬೇಕು? ಸುಮಾರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳನ್ನು ಈ ಪ್ರಶ್ನೆ ಯಾರಾದರೂ ಕೇಳಿಯಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಚಳ್ಳಕೆರೆಯಂಥ ಊರಿನಲ್ಲಿ ಟೀಚರಮ್ಮ ಎಂದರೆ ಎಲ್ಲ ಬಲ್ಲವಳೆಂದೇ ಲೆಕ್ಕ. ರೇಷನ್ ಕಾರ್ಡಿನ ಅರ್ಜಿ ತುಂಬುವುದರಿಂದ ಹಿಡಿದು ಮೊಮ್ಮಗುವಿಗೆ ಹೆಸರು ಹುಡುಕುವವರೆಗೆ ಎಲ್ಲಕ್ಕೂ ನಮ್ಮ ಮನೆಯ ಬಾಗಿಲು ತಟ್ಟುತ್ತಾರೆ. ಭಜನಾ ಮಂಡಳಿಯ ಹೆಂಗಸರು ಈ ಪ್ರಶ್ನೆ ಕೇಳಿದರು. ಅತ್ತೆಯ ಬಾಯಲ್ಲಿರುವ ಸೋಬಾನೆ ಪದಗಳನ್ನು ಹಿಡಿದಿಡಬೇಕೆಂದು ಆಸೆಪಟ್ಟ ಪಕ್ಕದ ಮನೆಯಾಕೆ ಕೇಳಿದಳು. ಕಡೆಗೆ ಮೊಳಕಾಲ್ಮೂರಿನ ನನ್ನ ತವರಿನಲ್ಲಿ, ಬಿ.ಕಾಂ. ಮಾಡಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನ ಮಗನೂ ಅದನ್ನೇ ಕೇಳಿದ. ಅವನಿಗೆ ಬೇಕಾಗಿದ್ದುದು ಅವನ ಅಜ್ಜಿಯ, ಅಂದರೆ ನಮ್ಮ ಅವ್ವನ, ಪದಗಳು. ಹೀಗಾಗಿ ನಾನು ನಾಲ್ಕು ಜನರನ್ನು ಕೇಳಿ ವಿಷಯ ತಿಳಿದುಕೊಳ್ಳಲೇಬೇಕಾಯಿತು. ತಿಳಿದ ಮೇಲೆ ಲೆಕ್ಕ ಬಹಳ ಸುಲಭ ಅನ್ನಿಸಿತು. ಕಷ್ಟದ್ದು ಆಮೇಲೆ ಎದುರಾಯಿತು.

ಸುಲಭದ್ದನ್ನು ಮೊದಲು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಅಂಗಡಿಯವರು ಮೆಮೊರಿ ಎಂಬ ಒಂದೇ ಮಾತನ್ನು ಎರಡು ಬೇರೆ ಬೇರೆ ವಸ್ತುಗಳಿಗೆ ಹೇಳುತ್ತಾರೆ. ನಮ್ಮ ಬಯಲುಸೀಮೆಯವರಿಗೆ ಇದನ್ನು ಹಗೇವು ಮತ್ತು ಮೊರ ಎಂದರೆ ತಟ್ಟನೆ ತಿಳಿಯುತ್ತದೆ. ರಾಗಿ, ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ ಹಗೇವು. ವರ್ಷಗಟ್ಟಲೆ ಕಾಳು ಅಲ್ಲಿ ಕೂತಿರುತ್ತದೆ. ಕಂಪ್ಯೂಟರಿನ ಡಿಸ್ಕು ಅದು. ಮೊರ ಎಂದರೆ ಕೈಯಲ್ಲಿ ಹಿಡಿದು ಆ ಹೊತ್ತಿಗೆ ಕೇರುವಷ್ಟು ಕಾಳು. ರ‍್ಯಾಮ್ ಎನ್ನುತ್ತಾರಲ್ಲ, ಅದು ಮೊರ. ಒಬ್ಬಳು ಹೆಂಗಸು ಒಂದು ಮೈಕಿನ ಮುಂದೆ ಹಾಡಿದರೆ ಅವಳ ದನಿ ಮೊರದಿಂದ ಹಗೇವಿಗೆ ಆಗಿಂದಾಗ್ಗೆ ಬೀಳುತ್ತಲೇ ಇರುತ್ತದೆ, ಮೊರದಲ್ಲಿ ರಾಶಿ ಕೂಡುವುದೇ ಇಲ್ಲ. ಆದ್ದರಿಂದ 4 ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರಿನಲ್ಲೂ ಈ ಕೆಲಸ ಆಗುತ್ತದೆ, 8 ಜಿಬಿ ಇದ್ದರೆ ಧಾರಾಳವಾಯಿತು. ಸಿನಿಮಾದವರ ಹಾಗೆ ಇಪ್ಪತ್ತು ಮೂವತ್ತು ವಾದ್ಯಗಳನ್ನು ಒಂದರ ಮೇಲೊಂದು ಹಾಕಿ, ಪ್ರತಿಯೊಂದಕ್ಕೂ ಅಲಂಕಾರ ಮಾಡುವವರಿಗೆ ಮಾತ್ರ 16, 32 ಬೇಕಾಗುತ್ತದೆ. ಅಂಗಡಿಯ ಹುಡುಗ ‘ಆಡಿಯೋ ಕೆಲಸಕ್ಕೆ 32 ಜಿಬಿ ಇಲ್ದೆ ಆಗೋದೇ ಇಲ್ಲ ಮೇಡಂ’ ಅಂದ. ಅವನಿಗೂ ಸಂಸಾರ ಇದೆಯಲ್ಲ!

ಇನ್ನು ಹಗೇವಿನ ಲೆಕ್ಕ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳ ದನಿ. ಅದನ್ನು ಸರಿಯಾಗಿ ಹಿಡಿಯಲು ಅದರ ಇಮ್ಮಡಿಗಿಂತ ಸ್ವಲ್ಪ ಹೆಚ್ಚು ಸಲ ಅಳೆಯಬೇಕು. ಅದಕ್ಕೇ ಸಿ.ಡಿ. ತಯಾರಿಸಿದವರು ಸೆಕೆಂಡಿಗೆ 44,100 ಸಲ ಎಂದು ನಿಗದಿ ಮಾಡಿದರು. ಪ್ರತಿ ಅಳತೆ ಬರೆದುಕೊಳ್ಳಲು 16 ಬಿಟ್, ಅಂದರೆ 2 ಬೈಟ್. ಒಂದೇ ಮೈಕಾದರೆ ನಿಮಿಷಕ್ಕೆ ಸುಮಾರು 5.3 ಎಂಬಿ, ಗಂಟೆಗೆ ಸುಮಾರು 318 ಎಂಬಿ. ಎಡ ಬಲ ಎರಡು ಮೈಕಾದರೆ ಅದರ ದುಪ್ಪಟ್ಟು. 256 ಜಿಬಿ ಡಿಸ್ಕಿನಲ್ಲಿ ಅರ್ಧ ಖಾಲಿ ಇದ್ದರೂ ಒಂಟಿ ದನಿಯ ಹಾಡು ನಾನೂರು ಗಂಟೆ ಹಿಡಿಯುತ್ತದೆ. ಎಂಪಿ3 ಮಾಡಿ ಕುಗ್ಗಿಸಿದರೆ ಗಂಟೆಗೆ 58 ಎಂಬಿಯಲ್ಲೂ ಮುಗಿಯಿತು, ಆದರೆ ಒಮ್ಮೆ ಕುಗ್ಗಿಸಿದ್ದು ಮತ್ತೆ ಹಿಗ್ಗುವುದಿಲ್ಲ. ಕಾಪಿಡುವ ಪ್ರತಿಯನ್ನು ಕುಗ್ಗಿಸದೆ ಇಡುವುದೇ ಮೇಲು. ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ನಿಜವಾಗಿ ದುಡ್ಡು ಹಾಕಬೇಕಾದ್ದು ಮೈಕಿಗೆ. ಆಮೇಲೆ ಫ್ಯಾನು ಆರಿಸಿ, ಕುಕ್ಕರು ಇಳಿಸಿ, ಕೋಣೆ ಗೋಡೆಗೆ ಎರಡು ಕಂಬಳಿ ತೂಗುಹಾಕಿದರೆ ದನಿ ಗೋಡೆಗೆ ಬಡಿದು ಮರಳುವುದು ನಿಲ್ಲುತ್ತದೆ. ಚಳ್ಳಕೆರೆಯವರಿಗೆ ಕಂಬಳಿಯ ಬರವೇ?

ಈ ಲೆಕ್ಕವೆಲ್ಲ ಮುಗಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಆ ಮಾತು, ಮೆಮೊರಿ. ಪಠ್ಯಪುಸ್ತಕಗಳಲ್ಲಿ ಅದನ್ನು ‘ಸ್ಮೃತಿ’ ಎಂದೂ ‘ಸ್ಮರಣೆ’ ಎಂದೂ ಕನ್ನಡ ಮಾಡುತ್ತಾರೆ. ಕಾಳು ತುಂಬಿದ ಹಗೇವನ್ನು ಯಾರೂ ಹೊಟ್ಟೆ ಎಂದು ಕರೆಯುವುದಿಲ್ಲ. ಕಾಳು ಹೊಟ್ಟೆಗೆ ಹೋದರೆ ರಕ್ತವಾಗುತ್ತದೆ, ಹಗೇವಿನಲ್ಲಿ ಕಾಳಾಗಿಯೇ ಇರುತ್ತದೆ. ಎರಡಕ್ಕೂ ಒಂದೇ ಹೆಸರು ಇಟ್ಟುದರಿಂದ ನಮಗೆ ಏನೋ ಗೊಂದಲವಾಗುತ್ತಿದೆ ಎಂದು ನನಗೆ ಅನುಮಾನ.

ಮೊದಲಿನ ಯಂತ್ರಗಳಲ್ಲಿ ಜಾಗ ಕಡಿಮೆ ಇತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಒಂದು ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಹಾಡಬಲ್ಲ ಆಕೆ ರಾಗವನ್ನು ಮೂರು ನಿಮಿಷಕ್ಕೆ ಅಡಗಿಸಿ, ಕೊನೆಗೆ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ, ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ. ಕಡೆಗಾಲದಲ್ಲಿ ಆಕೆ ನಮ್ಮ ಮೈಸೂರಿಗೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ನಮ್ಮ ಕಾಲಕ್ಕೆ ಕ್ಯಾಸೆಟ್ಟು ಬಂತು, ಒಂದು ಮಗ್ಗುಲಿಗೆ ಅರ್ಧ ಗಂಟೆ ಇಲ್ಲವೇ ಮುಕ್ಕಾಲು ಗಂಟೆ. ಹೊಸ ಕ್ಯಾಸೆಟ್ಟಿಗೆ ದುಡ್ಡಿಲ್ಲದಾಗ ಹಳೆಯದರ ಮೇಲೆಯೇ ತುಂಬಿಸುತ್ತಿದ್ದೆವು. ನಮ್ಮಕ್ಕನ ಮದುವೆಯ ಸೋಬಾನೆ ಪದಗಳ ಮೇಲೆ ಅಣ್ಣ ಸಿನಿಮಾ ಹಾಡು ತುಂಬಿಸಿದ್ದಕ್ಕೆ ಅಕ್ಕ ಇವತ್ತಿಗೂ ಅವನನ್ನು ಕ್ಷಮಿಸಿಲ್ಲ. ಏನೇ ಆಗಲಿ, ಯಾವುದನ್ನು ಇಡಬೇಕು ಯಾವುದನ್ನು ಬಿಡಬೇಕು ಎಂಬ ಕೆಲಸವನ್ನು ಅರ್ಧಕ್ಕರ್ಧ ಯಂತ್ರವೇ ಮಾಡಿಬಿಡುತ್ತಿತ್ತು. ಜಾಗ ಮುಗಿಯಿತು ಅಂದರೆ ಮುಗಿಯಿತು, ಯಾರನ್ನೂ ದೂರುವಂತಿರಲಿಲ್ಲ.

ಈಗ ಜಾಗ ಮುಗಿಯುವುದಿಲ್ಲ. ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ನೀವು ಕೇಳಿರಬಹುದು. ಅಕ್ಷರ ಕಲಿತವರಲ್ಲ, ಸಾವಿರಾರು ಪದ ಬಲ್ಲವರು. ಕೃಷ್ಣಮೂರ್ತಿ ಹನೂರರು ಕೇಳಿ ಬರೆದುಕೊಂಡು ಪುಸ್ತಕ ಮಾಡಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ನಾನೊಂದು ಲೆಕ್ಕ ಹಾಕಿದೆ. ಪದಕ್ಕೆ ಐದು ನಿಮಿಷದಂತೆ ಒಂದು ಸಾವಿರ ಪದ ಎಂದರೆ ಎಂಬತ್ತಮೂರು ಗಂಟೆ ಚಿಲ್ಲರೆ. ಹೆಬ್ಬೆಟ್ಟಿನಷ್ಟಿರುವ 32 ಜಿಬಿಯ ಒಂದು ಪೆನ್ ಡ್ರೈವಿನಲ್ಲಿ ಅಷ್ಟೂ ಹಿಡಿದು ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಲೆಕ್ಕ ಮುಗಿಸಿದಾಗ ನನಗೆ ಸಂತೋಷವೇನೂ ಆಗಲಿಲ್ಲ. ಒಂದು ಜೀವಮಾನ ಇಷ್ಟೇ ಇಷ್ಟು ಜಾಗದಲ್ಲಿ ಕೂರುವುದಾದರೆ ಇಷ್ಟು ದಿನ ಯಾರಿಗೂ ಅವರ ಓಣಿಯ ಮಿಕ್ಕ ಅಜ್ಜಿಯರನ್ನು ಕೂರಿಸಿ ಕೇಳಬೇಕೆಂದು ತೋಚಲಿಲ್ಲವಲ್ಲ ಎನ್ನಿಸಿತು.

ಪೆನ್ ಡ್ರೈವಿನಲ್ಲಿ ಕೂರದ್ದು ಒಂದಿದೆ. 1990ರಲ್ಲಿ ತುಳುನಾಡಿನ ಗೋಪಾಲ ನಾಯ್ಕರು ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಅವರ ಜೊತೆಗಾರರ ಮುಂದೆ ಹಾಡಿದರು. ಆರು ದಿನ, 15,683 ಸಾಲು. ಅಷ್ಟು ಸಾಲು ಅವರಿಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತೆಂದು ತಿಳಿಯಬೇಡಿ. ಕತೆಯ ನಡೆ, ಕಟ್ಟು, ಮರಳಿ ಮರಳಿ ಬರುವ ಮಾತುಗಳು ಒಳಗಿದ್ದವು, ಹಾಡು ಹಾಡುವಾಗಲೇ ಹುಟ್ಟುತ್ತಿತ್ತು. ಕೂತವರು ಯಾರು, ಹೊತ್ತು ಎಷ್ಟಾಯಿತು ಎಂಬುದರ ಮೇಲೆ ಬೆಳೆಯುತ್ತದೆ, ಕುಗ್ಗುತ್ತದೆ. ನಮ್ಮವ್ವನಲ್ಲೂ ಇದನ್ನು ಕಂಡೆ. ಅಣ್ಣನ ಮಗ ಮೈಕು ತಂದು ಮುಂದಿಟ್ಟು ‘ಅಜ್ಜಿ, ಬೀಸೋ ಪದ ಹೇಳು’ ಎಂದರೆ ಅವ್ವನಿಗೆ ನಾಲ್ಕು ನುಡಿಯ ಮುಂದೆ ಹೋಗಲಾಗಲಿಲ್ಲ. ‘ಕೈ ಆಡದೆ ಪದ ಬರೊಲ್ಲ ಕಣಪ್ಪ’ ಅಂದಳು. ಹಿತ್ತಿಲಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು ತಂದು ಎರಡು ಹಿಡಿ ರಾಗಿ ಹಾಕಿ ಕೊಟ್ಟೆವು. ಗೂಟ ಕೈಗೆ ಸಿಕ್ಕಿದ್ದೇ ತಡ, ಎಂಬತ್ತು ದಾಟಿದ ಜೀವ ಒಂದರ ಹಿಂದೊಂದು ಪದ ತೆಗೆಯತೊಡಗಿತು. ನೆನಪು ಎಲ್ಲಿತ್ತು ಅನ್ನೋಣ? ತಲೆಯಲ್ಲೋ, ಮೊಣಕೈಯಲ್ಲೋ?

ಆ ದಿನವೇ ನಡೆದದ್ದು ನಾನು ಹೇಳಬೇಕೆಂದಿರುವ ಸಂಗತಿ. ಪಕ್ಕದ ಕೋಣೆಯಲ್ಲಿ ಅಣ್ಣನ ಕೈಮಗ್ಗ ನಡೆದಿತ್ತು. ಸೀರೆ ಒಪ್ಪಿಸುವ ದಿನ ಹತ್ತಿರವಾಗಿದ್ದರಿಂದ ನಿಲ್ಲಿಸಲು ಆಗುವಂತಿರಲಿಲ್ಲ. ಲಾಳಿಯ ಸದ್ದು ಹಾಡಿನ ಹಿಂದೆ ಕೇಳುತ್ತಿತ್ತು, ಇರಲಿ ಎಂದು ಬಿಟ್ಟೆವು. ಅಣ್ಣನ ಮಗ ಎಲ್ಲ ಹೊಂದಿಸಿಕೊಟ್ಟು ಹೊರಗೆ ಹೋದ, ನಾನೊಬ್ಬಳೇ ಎದುರಿಗೆ ಕೂತಿದ್ದೆ. ಒಂದು ಪದದ ನಡುವೆ ಅವ್ವ ಹಾಡು ನಿಲ್ಲಿಸಿದಳು. ಕಲ್ಲೂ ನಿಂತಿತು. ಹಾಡಿನಲ್ಲಿ ಬಂದ ಒಂದು ಮಾತು ಅವಳನ್ನು ಎಲ್ಲಿಗೋ ಕರೆದೊಯ್ದಿತ್ತು. ತನ್ನ ಬಾಳಿನಲ್ಲಿ ಬಹಳ ಹಿಂದೆ ನಡೆದ ಒಂದು ವಿಷಯವನ್ನು, ನಮ್ಮ ಯಾರ ಮುಂದೆಯೂ ಎಂದೂ ಎತ್ತದಿದ್ದುದನ್ನು, ಹೇಳಿದಳು. ಅದೇನೆಂದು ನಾನಿಲ್ಲಿ ಬರೆಯುವುದಿಲ್ಲ. ಹೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು, ಬಿಟ್ಟ ನುಡಿಯಿಂದಲೇ ಪದ ಎತ್ತಿಕೊಂಡಳು. ಪದ ಮುಗಿದ ಮೇಲೆ ಮೈಕಿನ ಕಡೆ ನೋಡಿ, ‘ಇದು ಎಲ್ಲ ಹಿಡಕೊಂಡೈತಾ?’ ಎಂದಳು. ಹೂಂ ಎಂದೆ. ‘ಪದ ಇಟ್ಕೋ. ಆ ಮಾತು ತೆಗೆದುಹಾಕು.’

ಆ ಮಾತು ಹನ್ನೊಂದು ನಿಮಿಷದ್ದು. ಜಾಗದ ಲೆಕ್ಕದಲ್ಲಿ ಸುಮಾರು 58 ಎಂಬಿ.

ರಾತ್ರಿ ಊಟವಾದ ಮೇಲೆ ಅಣ್ಣನ ಮಗನಿಗೆ ಹೇಳಿದೆ, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ತೆಗೆಯಬೇಕು, ಅಜ್ಜಿ ಹೇಳಿದ್ದಾಳೆ ಎಂದು. ಅವನು ಕಿವಿಗೆ ಹಾಕಿಕೊಂಡು ಒಂದು ನಿಮಿಷ ಕೇಳಿದವನು ಬಂದ್ ಮಾಡಿ ನನ್ನ ಮುಖ ನೋಡಿದ. ‘ಅತ್ತೆ, ಇದನ್ನ ಅಳಿಸೋದಾ? ಯಾತಕ್ಕೆ? ಜಾಗಕ್ಕೇನು ಬರವಾ? ಬೇರೆ ಫೋಲ್ಡರಿಗೆ ಹಾಕಿಡ್ತೀನಿ. ಅಜ್ಜಿಗೆ ಗೊತ್ತೂ ಆಗಲ್ಲ.’ ನಾನು ಸುಮ್ಮನಿದ್ದುದನ್ನು ಕಂಡು ಇನ್ನೊಂದು ಮಾತು ಸೇರಿಸಿದ. ‘ಚರಿತ್ರೆ ಪುಸ್ತಕದಲ್ಲಿ ಹೆಂಗಸರ ಮಾತೇ ಇಲ್ಲ ಅಂತ ಸದಾ ಹೇಳೋರು ನೀವೇ. ಈಗ ನೀವೇ ಅಳಿಸು ಅಂತೀರಲ್ಲ.’

ಹುಡುಗ ಜಾಣ. ಮೂರೂ ಮಾತಿಗೆ ನಾನು ಉತ್ತರ ಹುಡುಕಬೇಕಾಯಿತು, ಮೂರೂ ಒಂದೇ ತೂಕದವಲ್ಲ.

ಜಾಗವಿದೆ ಎಂಬ ಮೊದಲನೆಯ ಮಾತಿಗೆ ಬೆಲೆ ಕಡಿಮೆ. ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಇನ್ನೊಬ್ಬರ ಒಡವೆ ತಂದು ತುಂಬಿಕೊಳ್ಳುತ್ತೇವೆಯೇ? ಆದರೆ ಈ ಮಾತು ಈಗ ಎಲ್ಲೆಲ್ಲೂ ಓಡಾಡುತ್ತಿದೆ. ಫೋನಿನಲ್ಲಿ ಜಾಗ ಇದೆ, ಅದಕ್ಕೇ ಮದುವೆಮನೆಯಲ್ಲಿ ಅತ್ತವಳ ಮುಖ, ಆಸ್ಪತ್ರೆಯಲ್ಲಿ ಮಲಗಿದವರ ಮುಖ ಎಲ್ಲ ಉಳಿದುಕೊಳ್ಳುತ್ತಿವೆ. ಹಿಂದೆ ಮರೆವು ತಾನಾಗಿ ಆಗುತ್ತಿತ್ತು, ಉಳಿಸಲು ಶ್ರಮ ಬೇಕಾಗಿತ್ತು. ಈಗ ಉಳಿಯುವುದು ತಾನಾಗಿ ಆಗುತ್ತದೆ, ಅಳಿಸಲು ಯಾರಾದರೂ ಕೂತು ಕೈಯಾರೆ ಮಾಡಬೇಕು. ಹಾಗೆ ಮಾಡಿದವರು ತಪ್ಪಿತಸ್ಥರ ಹಾಗೆ ಕಾಣುತ್ತಾರೆ.

ಎರಡನೆಯದು, ಅಜ್ಜಿಗೆ ಗೊತ್ತಾಗುವುದಿಲ್ಲ ಎಂಬುದು. ಸತ್ತವರ ವಿಷಯದಲ್ಲಿ ಹೀಗೆ ಮಾತಾಡಬಹುದೇನೋ. ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಾ ಮಲಗಿರುವ ಜೀವದ ವಿಷಯದಲ್ಲಿ ಹೇಗೆ ಹೇಳುವುದು? ಕಣ್ಣು ಮಂಜಾದವರ ತಟ್ಟೆಗೆ ಕಡಿಮೆ ಬಡಿಸಿದ ಹಾಗಾಗುತ್ತದೆ. 2023ರಲ್ಲಿ ನಮ್ಮ ದೇಶದಲ್ಲಿ ಖಾಸಗಿ ಮಾಹಿತಿಯನ್ನು ಕಾಯುವ ಒಂದು ಕಾಯಿದೆ ಆಯಿತು, ನನ್ನ ವಿವರ ಅಳಿಸಿ ಎಂದು ಕೇಳುವ ಹಕ್ಕು ಅದರಲ್ಲಿದೆ. ಯೂರೋಪಿನವರು 2018ರಿಂದಲೇ ಅಂಥದನ್ನು ಜಾರಿಗೆ ತಂದಿದ್ದಾರೆ. ಬ್ಯಾಂಕಿನವರನ್ನೋ ಕಂಪೆನಿಯವರನ್ನೋ ನಾವು ಹಾಗೆ ಕೇಳಬಹುದು. ಆದರೆ ಮನೆಯೊಳಗೆ ಮನೆಯವರೇ ಸ್ವಂತಕ್ಕೆ ಇಟ್ಟುಕೊಂಡದ್ದಕ್ಕೆ ಆ ಕಾಯಿದೆ ಅನ್ವಯಿಸುವುದಿಲ್ಲ. ಹೊಸ್ತಿಲಿನಿಂದ ಒಳಗೆ ಅವ್ವನ ಮಾತಿಗೆ ನಾವು ಕೊಟ್ಟಷ್ಟೇ ಬೆಲೆ.

ಮೂರನೆಯ ಮಾತು ನನ್ನ ನಿದ್ದೆ ಕೆಡಿಸಿತು. ಅದಕ್ಕೆ ನಮ್ಮ ಮೊಳಕಾಲ್ಮೂರಿನ ನೆಲವೇ ಕಾರಣ. ಪ್ರವಾಸಕ್ಕೆಂದು ಮಕ್ಕಳನ್ನು ನಾನು ಎಷ್ಟೋ ಸಲ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೇನೆ. ಅಶೋಕನ ಶಾಸನ ಅಲ್ಲಿದೆ, ಹತ್ತಿರದ ಸಿದ್ಧಾಪುರದಲ್ಲಿದೆ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇದೆ. 1892ರಲ್ಲಿ ಬಿ. ಎಲ್. ರೈಸ್ ಈ ಮೂರನ್ನೂ ಪತ್ತೆ ಮಾಡಿದರು. ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ಒಕ್ಕಣೆಯ ಮೂರು ಪ್ರತಿ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ತಾತ್ಪರ್ಯ. ಕೊನೆಯದನ್ನು ಮಕ್ಕಳಿಗೆ ಎರಡು ಸಲ ಓದಿ ಹೇಳುತ್ತೇನೆ! ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಕೆತ್ತಿದ್ದಾನೆ, ತಾನು ಲಿಪಿಕಾರ ಎಂಬುದನ್ನು ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಗುಮಾಸ್ತನ ಹೆಸರು ನಮಗೆ ಗೊತ್ತಿದೆ. ಅವನಿಗೆ ಬುತ್ತಿ ಕಟ್ಟಿಕೊಟ್ಟವಳ ಹೆಸರು ಗೊತ್ತಿಲ್ಲ. ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುವ ಮಾತಿದು, ಅಣ್ಣನ ಮಗ ಚಿಕ್ಕವನಿದ್ದಾಗ ಕೇಳಿದ್ದನ್ನೇ ನನಗೆ ತಿರುಗಿಸಿದ್ದ.

ಜಟಿಂಗ ರಾಮೇಶ್ವರದ ಬಂಡೆಯನ್ನು ಬಳೆಗಾರ ಗುಂಡು ಎಂದು ಕರೆಯುತ್ತಿದ್ದರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು. ಮೂರರಲ್ಲಿ ತೀರಾ ಸವೆದಿರುವುದು ಅದೇ. ಬಳೆ ತೊಡಲು ಕೂತ ನಮ್ಮ ಅಜ್ಜಿಯರ ಅಜ್ಜಿಯರು ಚಕ್ರವರ್ತಿಯ ಮಾತನ್ನು ತಿಳಿಯದೆ ತುಳಿದಿರಬೇಕು. ಮಕ್ಕಳಿಗೆ ಇದನ್ನು ಹೇಳಿ ನಗಿಸುತ್ತೇನೆ. ಮಿಕ್ಕ ಎರಡು ಪ್ರತಿಗಳು ಇದ್ದುದರಿಂದ ಸವೆದ ಅಕ್ಷರಗಳು ಏನಿದ್ದವೆಂದು ಊಹಿಸಬಹುದು. ಕಂಪ್ಯೂಟರಿನವರೂ ಇದನ್ನೇ ಹೇಳುತ್ತಾರೆ, ಬೇಕಾದದ್ದನ್ನು ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಡಿ ಎಂದು.

ಆ ರಾತ್ರಿ ಈ ಬಂಡೆಗಳನ್ನೇ ನೆನೆಯುತ್ತಾ ಮಲಗಿದ್ದಾಗ ಒಂದು ವಿಷಯ ತಿಳಿಯಾಯಿತು. ಅಶೋಕ ತನ್ನ ಮಾತನ್ನು ದಾರಿಯಲ್ಲಿ ಹೋಗುವವರೆಲ್ಲ ತಿಳಿಯಲೆಂದೇ ಕೆತ್ತಿಸಿದ. ಅದು ಸವೆದರೆ ಆಡಿದವನ ಇಚ್ಛೆ ಕೆಟ್ಟಿತು. ಅವ್ವ ತನ್ನ ಮಾತನ್ನು ಮಗಳೊಬ್ಬಳ ಮುಂದೆ ಆಡಿದಳು. ಅದು ಉಳಿದರೆ ಆಡಿದವಳ ಇಚ್ಛೆ ಕೆಟ್ಟಿತು. ಇಲ್ಲಿಯವರೆಗೆ ಸರಿ. ಆದರೆ ಅವಳ ಇಚ್ಛೆ ಅವಳದೇ ಹೌದೇ? ಹೆಣ್ಣುಮಕ್ಕಳಿಗೆ ಬಾಯಿ ಮುಚ್ಚಿಕೊಳ್ಳುವುದನ್ನು ಹುಟ್ಟಿದಾಗಿನಿಂದ ಕಲಿಸಿದ್ದಾರೆ. ತನಗಾದ ಅನ್ಯಾಯಕ್ಕೆ ತಾನೇ ನಾಚಿಕೊಂಡು ‘ಅಳಿಸು’ ಎನ್ನುವವಳ ಮಾತನ್ನು ನಾವು ವಿಧೇಯತೆಯಿಂದ ನಡೆಸಿಕೊಟ್ಟರೆ, ಅನ್ಯಾಯ ಮಾಡಿದವರ ಕೆಲಸವನ್ನೇ ನಾವು ಮುಗಿಸಿಕೊಟ್ಟ ಹಾಗಾಗಲಿಲ್ಲವೇ? ಹೆಂಗಸರು ಅಳಿಸು ಎಂದದ್ದನ್ನೆಲ್ಲ ಅಳಿಸುತ್ತಾ ಹೋದರೆ ಕೊನೆಗೆ ಸೋಬಾನೆ ಪದ ಮತ್ತು ಲಾಲಿ ಪದ ಮಾತ್ರ ಉಳಿದು, ಅಜ್ಜಿಯರೆಲ್ಲ ನಗುನಗುತ್ತಲೇ ಬಾಳಿದರು ಎಂದು ನಮ್ಮ ಮೊಮ್ಮಕ್ಕಳು ನಂಬಿಬಿಡುತ್ತಾರೆ. ಇದು ಸಣ್ಣ ಸುಳ್ಳಲ್ಲ.

ಇದಕ್ಕೆ ನನಗೆ ಪೂರ್ತಿ ಉತ್ತರ ಸಿಗಲಿಲ್ಲ. ಒಂದು ದಾರಿ ಮಾತ್ರ ಹೊಳೆಯಿತು. ಬೆಳಿಗ್ಗೆ ಅವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಇನ್ನೂ ತೆಗೆದಿಲ್ಲ ಅವ್ವ. ಸ್ವಲ್ಪ ದಿನ ಹೋಗಲಿ, ಇನ್ನೊಮ್ಮೆ ಕೇಳ್ತೀನಿ. ಆಗಲೂ ತೆಗಿ ಅಂದರೆ ತೆಗೀತೀನಿ. ಅಲ್ಲೀತನಕ ಯಾರೂ ಕೇಳೋದಿಲ್ಲ.’ ಅವಳು ಹೂಂ ಅಂದಳು. ಅಣ್ಣನ ಮಗನಿಗೂ ಈ ಷರತ್ತು ಒಪ್ಪಿಗೆಯಾಯಿತು, ಅಜ್ಜಿ ಮನಸ್ಸು ಬದಲಿಸುತ್ತಾಳೆ ಎಂದು ಅವನ ನಂಬಿಕೆ. ನಿಜ ಹೇಳಬೇಕೆಂದರೆ ನನ್ನ ಆಸೆಯೂ ಅದೇ ಆಗಿತ್ತು.

ದಸರಾ ರಜೆಯಲ್ಲಿ ಹೋದಾಗ ಕೇಳಿದೆ. ತೆಗಿ ಎಂದಳು. ಯುಗಾದಿಗೆ ಹೋದಾಗ ಮತ್ತೆ ಕೇಳಿದೆ. ಈ ಸಲ ಅವ್ವ, ‘ನಾನು ಏನು ಹೇಳಿದೀನೋ ಕೇಳಿಸು’ ಎಂದಳು. ಕಿವಿಗೆ ಹಾಕಿದೆ. ಬಚ್ಚಲ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತು ಹನ್ನೊಂದು ನಿಮಿಷ ಕೇಳಿದಳು. ಇನ್ನೊಂದು ಸಲ ಹಾಕು ಎಂದಳು. ಎರಡನೆಯ ಸಲ ಕೇಳುವಾಗ ಮಧ್ಯೆ ಮಧ್ಯೆ ತಲೆ ಆಡಿಸುತ್ತಿದ್ದಳು, ಬೇರೆ ಯಾರೋ ಹೇಳಿದ್ದಕ್ಕೆ ಹೌದು ಹೌದು ಅನ್ನುವ ಹಾಗೆ. ಮುಗಿದ ಮೇಲೆ ಕಿವಿಯಿಂದ ತೆಗೆದು ನನ್ನ ಕೈಗಿಟ್ಟು ಹೇಳಿದಳು. ‘ಸರಿಯಾಗೇ ಹೇಳಿದೀನಿ. ನಾಚಿಕೆ ಪಡೋ ಅಂಥದ್ದು ನಾನೇನೂ ಮಾಡಿಲ್ಲ. ಆದರೂ ತೆಗಿ. ಅವರ ಮಕ್ಕಳು ಹಬ್ಬಕ್ಕೆ ನಮ್ಮನೆಗೆ ಉಣ್ಣಾಕೆ ಬರ್ತಾರೆ. ಅವರಪ್ಪ ಮಾಡಿದ್ದನ್ನ ಅವರು ಈ ಪೆಟ್ಟಿಗೇಲಿ ಕೇಳಬೇಕಾ?’ ಸ್ವಲ್ಪ ಹೊತ್ತು ಬಿಟ್ಟು, ‘ನಾನು ಹೇಳಿದ್ದು ನಿನಗೆ. ನೀನು ಕೇಳಿದೆಯಲ್ಲ’ ಎಂದಳು.

ನಾನು ನಾಚಿಕೆ ಎಂದು ತಿಳಿದಿದ್ದುದು ನಾಚಿಕೆಯಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು. ಯಾರಿಗೆ ನೋಯುತ್ತದೆ, ಎಷ್ಟು ನೋಯುತ್ತದೆ, ಅವರು ಅದಕ್ಕೆ ತಕ್ಕ ತಪ್ಪು ಮಾಡಿದ್ದಾರೆಯೇ ಎಂದು ಅವಳು ಐವತ್ತು ವರ್ಷ ಕೂತು ಲೆಕ್ಕ ಹಾಕಿದ್ದಳು. ಎಲ್ಲ ಹೆಂಗಸರ ಮೌನವೂ ಹೀಗೆಯೇ ಎಂದು ನಾನು ಹೇಳಲಾರೆ. ಹೆದರಿ ಸುಮ್ಮನಿರುವವರು ಬಹಳ ಜನ, ಅವರ ಮಾತು ಹೊರಗೆ ಬರಲೇಬೇಕು. ಆದರೆ ಯಾವುದು ಹೆದರಿಕೆ, ಯಾವುದು ವಿವೇಚನೆ ಎಂಬುದನ್ನು ಅವರನ್ನು ಕೇಳದೆ, ಒಂದಲ್ಲ ಎರಡಲ್ಲ ಮೂರು ಸಲ ಕೇಳದೆ, ನಾವಾಗಿ ತೀರ್ಮಾನಿಸುವಂತಿಲ್ಲ.

ಇನ್ನೊಂದು ಮಾತು. ಪೆಟ್ಟಿಗೆಯಲ್ಲಿರುವುದಕ್ಕೂ ನನ್ನಲ್ಲಿರುವುದಕ್ಕೂ ವ್ಯತ್ಯಾಸ ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆ ಒತ್ತಿದವರಿಗೆಲ್ಲ ಹೇಳುತ್ತದೆ, ಯಾವ ಹೊತ್ತಿನಲ್ಲಾದರೂ ಹೇಳುತ್ತದೆ, ಪ್ರತಿ ಸಲವೂ ಒಂದೇ ಹಾಗೆ ಹೇಳುತ್ತದೆ. ನನ್ನ ಮಗಳಿಗೆ ನಾಳೆ ಬಾಳಿನಲ್ಲಿ ಅಂಥದೇ ಕಷ್ಟ ಬಂದರೆ ‘ನಿನ್ನ ಅಜ್ಜಿ ಒಮ್ಮೆ ಹೀಗೆ ನಿಭಾಯಿಸಿದಳು’ ಎಂದು ಹೆಸರುಗಳನ್ನು ಬಿಟ್ಟು ನಾನು ಹೇಳಬಹುದು, ಬೇಡವಾದರೆ ಬಿಡಬಹುದು. ಅವ್ವ ನನಗೆ ಅಷ್ಟು ಸ್ವಾತಂತ್ರ್ಯ ಕೊಟ್ಟಿದ್ದಾಳೆ ಎಂದು ನಾನು ತಿಳಿದಿದ್ದೇನೆ. ಕೊಟ್ಟಿಲ್ಲದಿದ್ದರೂ ಇರಬಹುದು. ಒಮ್ಮೆ ಕೇಳಬೇಕು.

ಅಳಿಸುವುದೂ ನಾನೆಣಿಸಿದಷ್ಟು ಸುಲಭವಾಗಿರಲಿಲ್ಲ. ಮೂರು ಪ್ರತಿ ಮಾಡಿಡುವ ಬುದ್ಧಿವಂತಿಕೆ ಈಗ ಎದುರುಬಿತ್ತು. ಕಂಪ್ಯೂಟರಿನಲ್ಲಿ ಒಂದು, ನನ್ನ ಬೀರುವಿನ ಪೆನ್ ಡ್ರೈವಿನಲ್ಲಿ ಒಂದು, ಅಣ್ಣನ ಮಗ ಇಂಟರ್ನೆಟ್ಟಿನ ಜಾಗದಲ್ಲಿ ಏರಿಸಿದ್ದು ಒಂದು. ಅಳಿಸಿದ್ದು ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಕೂತಿರುತ್ತದೆ, ಅಲ್ಲಿಂದಲೂ ತೆಗೆಯಬೇಕು. ಮೊದಲಿನ ಎರಡನ್ನು ಅವ್ವನ ಎದುರಿಗೇ ಕೂತು ಮಾಡಿದೆ. ಮೂರನೆಯದಕ್ಕೆ ಬೆಂಗಳೂರಿಗೆ ಫೋನು ಹಚ್ಚಿದೆ. ಅಜ್ಜಿ ಹೇಳಿದ ಕಾರಣವನ್ನು ಹೇಳಿದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. ‘ನನಗಿನ್ನೂ ಒಪ್ಪಿಗೆ ಇಲ್ಲ ಅತ್ತೆ’ ಎಂದ. ಹತ್ತು ನಿಮಿಷ ಬಿಟ್ಟು ಅವನೇ ಫೋನು ಮಾಡಿ ಅಳಿಸಿದೆ ಎಂದ. ನಾನು ನೋಡಲು ಹೋಗಿಲ್ಲ, ನೋಡಿದರೂ ನನಗೆ ತಿಳಿಯುವುದಿಲ್ಲ. ಅವನ ಮಾತನ್ನು ನಂಬಿದ್ದೇನೆ.

ಆ ಪದ ಈಗ ನಮ್ಮಲ್ಲಿದೆ. ನಡುವೆ ಕತ್ತರಿಸಿ ಜೋಡಿಸಿದ ಕಡೆ ಅವ್ವನ ದನಿ ಸರಾಗವಾಗಿ ಸಾಗುತ್ತದೆ, ಹಿಂದಿನ ಲಾಳಿಯ ಸದ್ದು ಮಾತ್ರ ಒಂದು ಎಡವು ಎಡವುತ್ತದೆ. ಗೊತ್ತಿಲ್ಲದವರಿಗೆ ಕೇಳಿಸುವುದಿಲ್ಲ. ಭಜನಾ ಮಂಡಳಿಯವರಿಗೆ ಮಾದರಿಗೆಂದು ಅದನ್ನೇ ಕೇಳಿಸಿದೆ, ಅವ್ವನನ್ನು ಕೇಳಿಯೇ. ಎಷ್ಟು ಚೆನ್ನಾಗಿ ಬಂದಿದೆ, ಇದಕ್ಕೆ ಎಷ್ಟು ಜಿಬಿ ಬೇಕಾಯಿತು ಟೀಚರೇ ಎಂದರು. ಎಂಟು ಸಾಕು ಎಂದೆ.

ಲಾಲಿ ಪದಗಳು ಇನ್ನೂ ಬಾಕಿ ಇವೆ. ಬರುವ ರಜೆಯಲ್ಲಿ ಕೂರಬೇಕು. ಅವ್ವ ಈಗ ಮೈಕಿನ ವಿಷಯದಲ್ಲಿ ಪಳಗಿದ್ದಾಳೆ. ಪದ ಮುಗಿದ ಕೂಡಲೇ ‘ಆರಿಸಿದೆಯಾ?’ ಎಂದು ಕೇಳುತ್ತಾಳೆ. ಆರಿಸಿದೆ ಎಂದು ಕೆಂಪು ದೀಪ ತೋರಿಸಿದ ಮೇಲೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮಾತಿಗೆ ಶುರುಮಾಡುತ್ತಾಳೆ.